‘ಚಳ್ಳಕೆರೆ’ ಸಿಗುತ್ತದೆ, ‘ಹೊಳಲ್ಕೆರೆ’ ಸಿಗುತ್ತಿಲ್ಲ: ಡಿಜಿಟಲ್ ಗ್ರಂಥಾಲಯದ ಹುಡುಕಾಟದಲ್ಲಿ ತೊಂದರೆ

ದುರ್ಗದ ಓದುಗಿ:
ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದಲ್ಲಿ ನಾವು ನಾಲ್ಕು ಜನ ಮೇಷ್ಟ್ರುಗಳು ಸೇರಿ ಜಿಲ್ಲೆಯ ಇತಿಹಾಸಕ್ಕೆ ಒಂದು ಡಿಜಿಟಲ್ ಗ್ರಂಥಾಲಯ ಕಟ್ಟುತ್ತಿದ್ದೇವೆ. ವಿಚಾರ ಸಂಕಿರಣದ ಪ್ರಬಂಧಗಳು, ಶಾಸನ ಪಾಠಗಳು, ಊರಿನ ಸ್ಥಳ ಚರಿತ್ರೆಗಳು, ಹೀಗೆ 640 ಕಡತಗಳಿವೆ. ಜಾಸ್ತಿ ಭಾಗ ‘ನುಡಿ’ ತಂತ್ರಾಂಶದ ಹಳೆ ಫಾಂಟಿನಲ್ಲಿ ಟೈಪ್ ಆಗಿದ್ದವು. ಅವನ್ನು ಒಬ್ಬರು ಬರೆದುಕೊಟ್ಟ ಪುಟ್ಟ ಪ್ರೋಗ್ರಾಂ, ಅಂದರೆ ಸ್ಕ್ರಿಪ್ಟ್‌ನಿಂದ ಯೂನಿಕೋಡಿಗೆ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ) ಬದಲಾಯಿಸಿ ಡಿಸ್ಪೇಸ್ ಅನ್ನುವ ಗ್ರಂಥಾಲಯ ತಂತ್ರಾಂಶಕ್ಕೆ ಹಾಕಿದ್ದೇವೆ. ಓದುವವರಿಗೆ ಹಳೆ ಪಿಡಿಎಫ್ ಕಾಣುತ್ತದೆ. ಹುಡುಕಾಟ ಮಾತ್ರ ಹೊಸ ಪಠ್ಯದಲ್ಲಿ ನಡೆಯುತ್ತದೆ.

‘ಚಳ್ಳಕೆರೆ’, ‘ಹಿರಿಯೂರು’ ಅಂತ ಹಾಕಿದರೆ ರಾಶಿ ಫಲಿತಾಂಶ ಬರುತ್ತದೆ. ‘ಹೊಳಲ್ಕೆರೆ’, ‘ಹೊಸದುರ್ಗ’, ‘ಮೊಳಕಾಲ್ಮೂರು’ ಹಾಕಿದರೆ ಸೊನ್ನೆ. ‘ಕೋಟೆ’ ಕೂಡ ಸೊನ್ನೆ. ದುರ್ಗದ ಗ್ರಂಥಾಲಯದಲ್ಲಿ ಕೋಟೆಯೇ ಸಿಗದಿದ್ದರೆ ಹೇಗೆ ಹೇಳಿ! ಪಿಡಿಎಫ್ ತೆರೆದರೆ ಆ ಪದ ಕಣ್ಣೆದುರೇ ಇದೆ. ಮೂರು ಸಲ ಇಂಡೆಕ್ಸ್ (ಹುಡುಕಾಟಕ್ಕೆ ಬೇಕಾದ ಪದಪಟ್ಟಿ) ಮಾಡಿದ್ದಾಯಿತು. ಸಂಶೋಧನೆ ಮಾಡುವ ಹುಡುಗರು ಬಂದು ‘ಏನೂ ಇಲ್ಲ ಮೇಡಂ’ ಅಂತ ವಾಪಸ್ ಹೋಗುತ್ತಿದ್ದಾರೆ. ತುಂಬಾ ಬೇಜಾರಾಗುತ್ತಿದೆ.

ಅಚ್ಚುಮೊಳೆ (ದಾವಣಗೆರೆ):
ಮೇಡಂ, ನೀವು ಕೊಟ್ಟ ಪಟ್ಟಿಯಲ್ಲೇ ಸುಳಿವಿದೆ. ಸಿಗದ ಪದಗಳನ್ನೆಲ್ಲ ಒಂದು ಸಲ ನೋಡಿ. ಹೊ, ಮೊ, ಕೋ. ಸಿಗುವ ಪದಗಳಲ್ಲಿ ಒ, ಓ ಸ್ವರವೇ ಇಲ್ಲ. ‘ಸೀಮೆ’, ‘ದೇವಸ್ಥಾನ’, ‘ಕೈಫಿಯತ್ತು’ ಇವನ್ನೂ ಹುಡುಕಿ ನೋಡಿ. ಅವೂ ಸಿಗಲಿಕ್ಕಿಲ್ಲ. ಈ, ಏ, ಐ ಸ್ವರಗಳದ್ದೂ ಇದೇ ತೊಂದರೆ.

ಕಾರಣ ಹಳೆ ಫಾಂಟಿನಲ್ಲಿದೆ. ಅದರಲ್ಲಿ ಅಕ್ಷರ ಅಂತ ಇರುವುದಿಲ್ಲ, ಅಕ್ಷರದ ತುಂಡುಗಳಿರುತ್ತವೆ. ‘ಕೋ’ ಬರೆಯಲು ‘ಕೆ’ಯ ತುಂಡು, ಅದರ ಪಕ್ಕ ಕೊಂಬಿನ ತುಂಡು, ಆಮೇಲೆ ದೀರ್ಘದ ತುಂಡು. ನಿಮ್ಮ ಸ್ಕ್ರಿಪ್ಟ್ ತುಂಡಿಗೆ ತುಂಡು ಬದಲಾಯಿಸಿದೆ. ಹಾಗಾಗಿ ‘ಕೋಟೆ’ ನಿಮ್ಮ ಪಠ್ಯದಲ್ಲಿ 6 ಸಂಕೇತಗಳಾಗಿ ಕೂತಿದೆ. ಕೀಲಿಮಣೆಯಲ್ಲಿ ನೀವು ಟೈಪ್ ಮಾಡುವ ‘ಕೋಟೆ’ಯಲ್ಲಿ 4 ಸಂಕೇತ ಮಾತ್ರ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಕಂಪ್ಯೂಟರಿಗೆ ಅವು ಬೇರೆ ಬೇರೆ ಪದ.

ಈ ಎರಡು ರೂಪಗಳೂ ಸಮಾನ ಅಂತ ಯೂನಿಕೋಡೇ ಹೇಳುತ್ತದೆ. ಬಿಡಿ ತುಂಡುಗಳನ್ನು ಕೂಡಿಸುವ ನಿಯಮಕ್ಕೆ ಎನ್‌ಎಫ್‌ಸಿ ಅಂತ ಹೆಸರು. ಪೈಥಾನ್‌ನಲ್ಲಿ ಒಂದೇ ಸಾಲಿನ ಕೆಲಸ. ಇಡೀ ಪಠ್ಯವನ್ನು ಅದರಲ್ಲಿ ಹಾಯಿಸಿ, ಮತ್ತೆ ಇಂಡೆಕ್ಸ್ ಮಾಡಿ. ಡಿಸ್ಪೇಸ್ ಒಳಗೆ ಹುಡುಕಾಟ ನಡೆಸುವ ಸೋಲರ್‌ನಲ್ಲೂ ಇದಕ್ಕೆ ಐಸಿಯು ನಾರ್ಮಲೈಸರ್ ಫಿಲ್ಟರ್ ಇದೆ. ಅದನ್ನು ಇಂಡೆಕ್ಸ್ ಮಾಡುವ ಕಡೆಗೂ ಹುಡುಕುವ ಕಡೆಗೂ ಹಾಕಬೇಕು. ಒಂದೇ ಕಡೆ ಹಾಕಿದರೆ ಪ್ರಯೋಜನ ಇಲ್ಲ.

ದುರ್ಗದ ಓದುಗಿ:
ಅಣ್ಣಾ, ಕೈ ಮುಗಿದೆ! ‘ಹೊಳಲ್ಕೆರೆ’ ಬಂತು, ‘ಮೊಳಕಾಲ್ಮೂರು’ ಬಂತು, ‘ಕೋಟೆ’ಯೂ ಬಂತು. ಸ್ಟಾಫ್ ರೂಮಿನಲ್ಲಿ ಎಲ್ಲರನ್ನೂ ಕರೆದು ತೋರಿಸಿದೆ. ಆದರೆ ‘ಹೊಸದುರ್ಗ’ ಇನ್ನೂ ಇಲ್ಲ. ‘ಚಿತ್ರದುರ್ಗ’ಕ್ಕೆ ಬರುವುದು ನಾವೇ ಕೈಯಲ್ಲಿ ಟೈಪ್ ಮಾಡಿದ ಶೀರ್ಷಿಕೆಗಳು ಮಾತ್ರ.

ಅಚ್ಚುಮೊಳೆ:
ಒಳಗಿನ ಪಠ್ಯ ತೆರೆದು ‘ದುಗರ್’ ಅಂತ ಹುಡುಕಿ.

ದುರ್ಗದ ಓದುಗಿ:
ಅಯ್ಯೋ! ಸಾವಿರಾರು ಇವೆ. ‘ಚಿತ್ರದುಗರ್’, ‘ಹೊಸದುಗರ್’. ‘ಸರ್ಕಾರ’ ಎಲ್ಲ ಕಡೆ ‘ಸಕಾರ್ರ’ ಆಗಿದೆ.

ಅಚ್ಚುಮೊಳೆ:
ಇದು ಅರ್ಕಾವತ್ತಿನ ಸಮಸ್ಯೆ. ಹಳೆ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲೇ ಟೈಪ್ ಆಗುತ್ತದೆ. ಮೊದಲು ‘ಗ’, ಆಮೇಲೆ ಅರ್ಕಾವತ್ತು. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮ: ಮೊದಲು ‘ರ್’, ಆಮೇಲೆ ‘ಗ’. ಬೇರೆ ಒತ್ತುಗಳನ್ನು ನಿಮ್ಮ ಸ್ಕ್ರಿಪ್ಟ್ ಸರಿಯಾಗಿಯೇ ಕೂರಿಸಿದೆ. ಅರ್ಕಾವತ್ತನ್ನು ಮಾತ್ರ ಹಿಂದಕ್ಕೆ ತಂದಿಲ್ಲ. ಎನ್‌ಎಫ್‌ಸಿ ಇದನ್ನು ಮುಟ್ಟುವುದಿಲ್ಲ.

ಈಗಿರುವ ಪಠ್ಯದಲ್ಲೇ ಹುಡುಕಿ ಬದಲಾಯಿಸೋಣ ಅಂತ ಅನಿಸುತ್ತದೆ, ಅಲ್ವಾ? ದಯವಿಟ್ಟು ಬೇಡ. ‘ಗರ್’ ಅನ್ನುವುದನ್ನೆಲ್ಲ ‘ರ್ಗ’ ಮಾಡಿದರೆ ‘ಬಗರ್ ಹುಕುಂ’ ಹೋಗಿ ‘ಬರ್ಗ ಹುಕುಂ’ ಆಗುತ್ತದೆ. ರೈತರ ಜಮೀನಿನ ಕಾಗದ ಹುಡುಕುವವರಿಗೆ ಆ ಪದ ಎಷ್ಟು ಮುಖ್ಯ ಅಂತ ನಿಮಗೇ ಗೊತ್ತು. ‘ಮಾಸ್ತರ್’, ‘ಕಲೆಕ್ಟರ್’ ಗತಿಯೂ ಅದೇ. ಯಾವುದು ನಿಜವಾದ ‘ರ್’, ಯಾವುದು ಅರ್ಕಾವತ್ತು ಅನ್ನುವ ವ್ಯತ್ಯಾಸ ಯೂನಿಕೋಡ್ ಪಠ್ಯದಲ್ಲಿ ಆಗಲೇ ಅಳಿಸಿಹೋಗಿದೆ. ಹಳೆ ಫಾಂಟಿನ ಕಡತದಲ್ಲಿ ಅವೆರಡಕ್ಕೂ ಬೇರೆ ಸಂಕೇತ ಇದ್ದೇ ಇದೆ. ಅಲ್ಲಿಂದಲೇ ಮತ್ತೆ ಬದಲಾಯಿಸಬೇಕು. ಅರ್ಕಾವತ್ತು ಸಿಕ್ಕಾಗ ಅದರ ಹಿಂದಿನ ಇಡೀ ಅಕ್ಷರವನ್ನು, ಅಂದರೆ ಸ್ವರ, ಒತ್ತು ಎಲ್ಲ ಸೇರಿ, ದಾಟಿ ಅದರ ಮೊದಲಿಗೆ ‘ರ್’ ಇಡಬೇಕು. ಮೂಲ ಕಡತಗಳನ್ನು ಇಟ್ಟುಕೊಂಡಿದ್ದೀರಾ?

ದುರ್ಗದ ಓದುಗಿ:
ಕಂಪ್ಯೂಟರಿನಲ್ಲಿ ಜಾಗ ಇಲ್ಲ ಅಂತ ಅಳಿಸಿದ್ದೆವು. ಸಿಡಿಗಳು ಬೀರುವಿನಲ್ಲಿರಬೇಕು. ನಾಳೆ ನೋಡುತ್ತೇನೆ.

ಓಲೆಗರಿ:
ಒಂದು ಮಾತು ಸೇರಿಸುತ್ತೇನೆ. ಶಾಸನ ಪಾಠಗಳಲ್ಲಿ ಹಳಗನ್ನಡದ ಱ, ೞ ಅಕ್ಷರಗಳು ಇರುತ್ತವೆ. ಈಗಿನ ಹುಡುಗರು ರ, ಳ ಹಾಕಿ ಹುಡುಕುತ್ತಾರೆ. ನಮ್ಮಲ್ಲಿ ಒಬ್ಬರು ಸುಲಭ ಆಗಲಿ ಅಂತ ಪಠ್ಯದಲ್ಲೇ ಎಲ್ಲವನ್ನೂ ರ, ಳ ಮಾಡಿಬಿಟ್ಟರು. ಈಗ ಭಾಷೆಯ ಬಗ್ಗೆ ಕೆಲಸ ಮಾಡುವವರಿಗೆ ಆ ಪಠ್ಯ ಯಾವ ಉಪಯೋಗಕ್ಕೂ ಇಲ್ಲ. ಅಕ್ಷರ ಬದಲಾದ ಕಾಲ ತಿಳಿಯಲು ಅವರಿಗೆ ಆ ಱ, ೞಗಳೇ ಬೇಕು.

ಅಚ್ಚುಮೊಳೆ:
ಸರಿಯಾಗಿ ಹೇಳಿದಿರಿ ಸರ್. ಆ ಸಡಿಲಿಕೆ ಇಂಡೆಕ್ಸಿನಲ್ಲಿ ಮಾತ್ರ ಇರಲಿ. ಸೋಲರ್‌ನಲ್ಲಿ ಅಕ್ಷರ ಹೊಂದಿಸುವ ಒಂದು ಪಟ್ಟಿ ಕೊಟ್ಟು ಱವನ್ನು ರ ಎಂದೂ ೞವನ್ನು ಳ ಎಂದೂ ಓದಿಸಬಹುದು. ‘ಅಙ್ಕ’ವನ್ನು ‘ಅಂಕ’ ಎಂದೂ ಓದಿಸಬಹುದು. ಕಣ್ಣಿಗೆ ಕಾಣದ ಜೋಡಿಸುವ, ಬಿಡಿಸುವ ಸಂಕೇತಗಳನ್ನೂ ಅಲ್ಲೇ ತೆಗೆಸಿ. ಇಲ್ಲದಿದ್ದರೆ ‘ಬ್ಯಾಂಕ್‌ನಲ್ಲಿ’ ಥರದ ಪದಗಳು ಒಮ್ಮೆ ಸಿಗುತ್ತವೆ, ಒಮ್ಮೆ ಸಿಗುವುದಿಲ್ಲ. ಪಾಠ ಮಾತ್ರ ಅಚ್ಚಿನಲ್ಲಿ ಇದ್ದಂತೆಯೇ ಉಳಿಯಬೇಕು.

ತುಂಗೆಯ ದಡ (ಹರಿಹರ):
ಮೇಡಂ, ಊರಿನ ಹೆಸರಿನಲ್ಲೂ ಒಂದು ತೊಡಕು ಬರುತ್ತದೆ, ಈಗಲೇ ನೋಡಿಕೊಳ್ಳಿ. ಬಿ. ಎಲ್. ರೈಸ್ ಅವರ ಶಾಸನ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಚಿತ್ರದುರ್ಗ ಜಿಲ್ಲೆಯದು 11ನೇ ಸಂಪುಟ. ನಮ್ಮ ಹರಿಹರೇಶ್ವರ ದೇವಸ್ಥಾನದ ಶಾಸನಗಳು ಅದರಲ್ಲಿ ದಾವಣಗೆರೆ ತಾಲ್ಲೂಕಿನ ಸಂಖ್ಯೆಯಲ್ಲಿವೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಹೊನ್ನಾಳಿ, ಚನ್ನಗಿರಿ ಆಗ ಶಿವಮೊಗ್ಗದಿಂದ ಬಂದವು, ಅವುಗಳ ಶಾಸನ ಹುಡುಕಬೇಕಾದರೆ 7ನೇ ಸಂಪುಟ ತೆಗೆಯಬೇಕು. ಹರಪನಹಳ್ಳಿಯ ಕಥೆ ಇನ್ನೂ ಉದ್ದ. ಮೊದಲು ಮದ್ರಾಸ್ ಪ್ರಾಂತ್ಯದ ಬಳ್ಳಾರಿ, ಆಮೇಲೆ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, ಈಗ ವಿಜಯನಗರ.

‘ಜಿಲ್ಲೆ’ ಅಂತ ಒಂದೇ ಖಾನೆ ಇಟ್ಟರೆ ಯಾವ ಜಿಲ್ಲೆ ಬರೆಯುತ್ತೀರಿ? ಕಡತದ ವಿವರ ಬರೆಯುವ ಡಬ್ಲಿನ್ ಕೋರ್ ಪದ್ಧತಿಯ 15 ಖಾನೆಗಳಲ್ಲಿ ಸ್ಥಳಕ್ಕೆ, ಕಾಲಕ್ಕೆ ‘ಕವರೇಜ್’ ಅಂತ ಒಂದಿದೆ. ಅದನ್ನು ಎಷ್ಟು ಸಲ ಬೇಕಾದರೂ ತುಂಬಬಹುದು. ಪುಸ್ತಕದಲ್ಲಿರುವ ಜಿಲ್ಲೆ ಒಂದು ಸಲ, ಈಗಿನ ಜಿಲ್ಲೆ ಇನ್ನೊಂದು ಸಲ. ಶಾಸನದ ಹಳೆ ಸಂಖ್ಯೆಯನ್ನು ತಪ್ಪದೆ ಬರೆಯಿರಿ. ಸಂಶೋಧಕರು ಅಡಿಟಿಪ್ಪಣಿಯಲ್ಲಿ ಕೊಡುವುದು ಆ ಸಂಖ್ಯೆಯನ್ನೇ.

ದುರ್ಗದ ಓದುಗಿ:
ಬಂದೆ ಸರ್, ಹತ್ತು ದಿನ ಆಯಿತು. ಬೀರುವಿನಲ್ಲಿ ಸಿಡಿಗಳು ಸಿಕ್ಕವು. ಮೂರು ಸಿಡಿ ಓದಲಿಲ್ಲ, ಉಳಿದವೆಲ್ಲ ಓದಿದವು. ನಮ್ಮ ಗಣಿತದ ಮೇಷ್ಟ್ರು ಕೂತು ಅರ್ಕಾವತ್ತಿನ ನಿಯಮ ಬರೆದರು. ಎರಡು ರಾತ್ರಿ ಹಿಡಿಯಿತು. ಹಳೆ ಸ್ಕ್ರಿಪ್ಟ್ ಬರೆದುಕೊಟ್ಟವರೂ ಫೋನಿನಲ್ಲಿ ಜೊತೆಗಿದ್ದರು. ಈಗ ‘ಹೊಸದುರ್ಗ’ ಬರುತ್ತದೆ, ‘ಸರ್ಕಾರ’ ಬರುತ್ತದೆ, ‘ಬಗರ್ ಹುಕುಂ’ ಇದ್ದ ಹಾಗೇ ಇದೆ. 611 ಕಡತ ಸರಿಯಾದವು.

ಮೂಲ ಕಡತಗಳನ್ನು ಎರಡು ಬೇರೆ ಹಾರ್ಡ್ ಡಿಸ್ಕಿಗೆ ಹಾಕಿದ್ದೇವೆ. ಒಂದು ಇಲ್ಲಿ, ಇನ್ನೊಂದು ಹಿರಿಯೂರಿನ ಮೇಷ್ಟ್ರ ಮನೆಯಲ್ಲಿ. ಓದಲಾಗದ ಮೂರು ಸಿಡಿಯಲ್ಲಿದ್ದ 29 ಪ್ರಬಂಧಗಳ ಮುದ್ರಿತ ಪ್ರತಿ ಇದೆ. ಅವನ್ನು ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರ ಓದುವ ಓಸಿಆರ್ ತಂತ್ರಾಂಶವಾದ ಟೆಸೆರಾಕ್ಟ್‌ಗೆ ಕೊಡಬೇಕು ಅಂದುಕೊಂಡಿದ್ದೇವೆ.

ಅಚ್ಚುಮೊಳೆ:
ತುಂಬಾ ಸಂತೋಷ ಆಯಿತು ಮೇಡಂ. ಸ್ಕ್ಯಾನ್ 300 ಡಿಪಿಐಗಿಂತ ಕಡಿಮೆ ಬೇಡ, ಒತ್ತಕ್ಷರ ತೀರಾ ಸಣ್ಣದಿದ್ದರೆ 400 ಇಡಿ. ಪುಟ ನೇರ ಇರಲಿ. ಒತ್ತು ಕೆಳಗಿನ ಸಾಲಿಗೆ ತಾಗಿದರೆ ಓಸಿಆರ್ ಅಲ್ಲೇ ತಪ್ಪುತ್ತದೆ. ಬಂದ ಪಠ್ಯವನ್ನು ಒಬ್ಬರು ಕೂತು ಓದಲೇಬೇಕು, ಅದರಲ್ಲೂ ಶಾಸನ ಸಂಖ್ಯೆ, ಇಸವಿಗಳನ್ನು.

ದುರ್ಗದ ಓದುಗಿ:
ಓದಲು ಬಿ.ಎ. ಮಕ್ಕಳು ಇಬ್ಬರು ತಾವಾಗಿಯೇ ಮುಂದೆ ಬಂದಿದ್ದಾರೆ. ಶನಿವಾರ ಶುರು. ಮೊದಲ ಕಟ್ಟು ಮೊಳಕಾಲ್ಮೂರಿನದು, ಬ್ರಹ್ಮಗಿರಿಯ ಅಶೋಕನ ಶಾಸನದ ಬಗ್ಗೆ ಅದರಲ್ಲೇ ನಾಲ್ಕು ಪ್ರಬಂಧ ಇವೆ.