ಮುಖ್ಯರಸ್ತೆ ತಿರುವಿನ ಆಸ್ಪತ್ರೆ ಬೋರ್ಡ್: ಅರ್ಜಿ ಕೊಡುವ ಮೊದಲು ಎಲ್ಲರೂ ಓದಿ

ಸಂಘದ ಕಾರ್ಯದರ್ಶಿ:
ಎಲ್ಲರಿಗೂ ನಮಸ್ಕಾರ. ಮುಖ್ಯರಸ್ತೆಯಿಂದ ನಮ್ಮ ಬಡಾವಣೆಗೆ ತಿರುಗುವ ಕಡೆ ಒಂದು ನೀಲಿ ಬೋರ್ಡ್ ಇದೆಯಲ್ಲ, ಮಂಚದ ಚಿತ್ರ, ಕೆಂಪು ಕ್ರಾಸ್, ಕೆಳಗೆ ಎಡಕ್ಕೆ ಬಾಣ. ಅದನ್ನು ನಂಬಿ ರಾತ್ರಿ ಹೊತ್ತು ರೋಗಿಗಳನ್ನು ಕೂರಿಸಿಕೊಂಡ ಗಾಡಿಗಳು ಒಳಗೆ ಬರುತ್ತಿವೆ. ಎರಡನೇ ತಿರುವಿನಲ್ಲಿ ಬಾಣವೇ ಇಲ್ಲ. ಪಾರ್ಕ್ ಹತ್ತಿರ ಬಂದು ಸುತ್ತುತ್ತಾರೆ. ಹೇಗೋ ದಾರಿ ಸಿಕ್ಕಿದರೂ ಅಲ್ಲಿರುವುದು ಹಗಲು ಮಾತ್ರ ತೆರೆದಿರುವ ಆಸ್ಪತ್ರೆ. ರಾತ್ರಿ ವಾಚ್‌ಮನ್ ಬಿಟ್ಟರೆ ಯಾರೂ ಇರುವುದಿಲ್ಲ. ತುರ್ತು ಚಿಕಿತ್ಸೆ ಇರುವ ಆಸ್ಪತ್ರೆ ಮುಖ್ಯರಸ್ತೆಯಲ್ಲೇ ಇನ್ನೂ ಮುಂದೆ ಇದೆ. ಅದಕ್ಕೆ ಬೋರ್ಡೇ ಇಲ್ಲ! ಏನು ಮಾಡೋಣ ಹೇಳಿ.

4ನೇ ಅಡ್ಡರಸ್ತೆ, ಮೂಲೆ ಮನೆ:
ಬೆಲ್ ಒತ್ತುವುದು ನಮ್ಮ ಮನೆಯದ್ದೇ. ನಿದ್ದೆ ಕೆಟ್ಟಿತು ಅಂತ ಬೇಜಾರಿಲ್ಲ, ಆದರೆ ಗಾಬರಿಯಲ್ಲಿ ಇರುವವರಿಗೆ ‘ವಾಪಸ್ ಹೋಗಿ’ ಅನ್ನುವುದು ತುಂಬಾ ಕಷ್ಟ. ಸುಮ್ನೆ ಅರ್ಜಿ, ಮೀಟಿಂಗ್ ಅಂತ ಯಾಕೆ? ‘ಇಲ್ಲಿ ತುರ್ತು ಚಿಕಿತ್ಸೆ ಇಲ್ಲ’ ಅಂತ ಒಂದು ಫ್ಲೆಕ್ಸ್ ಮಾಡಿಸಿ ಆ ಬೋರ್ಡ್ ಮೇಲೇ ಕಟ್ಟಿಬಿಡೋಣ.

ನಿವೃತ್ತ ರಸ್ತೆ ಎಂಜಿನಿಯರ್:
ಬೇಡ. ಮೋಟಾರು ವಾಹನ ಕಾಯ್ದೆ 1988ರ 116ನೇ ಸೆಕ್ಷನ್ ನೋಡಿ. ರಸ್ತೆ ಫಲಕ ಹಾಕುವುದು, ಹಾಕಲು ಅನುಮತಿ ಕೊಡುವುದು ಸರ್ಕಾರ ಮತ್ತು ಅದು ಅಧಿಕಾರ ಕೊಟ್ಟವರ ಕೆಲಸ. ಹಾಕಿದ ಫಲಕವನ್ನು ಬೇಕಂತಲೇ ಕೀಳುವುದು, ಬದಲಾಯಿಸುವುದು, ಕೆಡಿಸುವುದು ತಪ್ಪು. ಫಲಕ ಮರೆಮಾಡುವ ಜಾಹೀರಾತನ್ನು ಪೊಲೀಸರು ತೆಗೆಸಬಹುದು ಅಂತಲೂ ಅದರಲ್ಲೇ ಇದೆ. ನಮ್ಮ ಫ್ಲೆಕ್ಸ್ ಕೂಡ ಅದೇ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ವಿಷಯ. ಆ ಬೋರ್ಡ್ ಸುಳ್ಳು ಹೇಳುತ್ತಿಲ್ಲ. ಅದು ಹೇಳುವುದೇ ಕಡಿಮೆ. ನಮ್ಮ ರಸ್ತೆಗಳಲ್ಲಿ ದುಂಡಗಿನ ಫಲಕ ಅಂದರೆ ಸಾಮಾನ್ಯವಾಗಿ ಆಜ್ಞೆ, ತ್ರಿಕೋನ ಅಂದರೆ ಎಚ್ಚರಿಕೆ, ಚೌಕ ಅಥವಾ ಆಯತದ ನೀಲಿ ಫಲಕ ಅಂದರೆ ಬರೀ ಮಾಹಿತಿ. ಮಂಚದ ಚಿತ್ರ ಇದ್ದರೆ ಆಸ್ಪತ್ರೆ ಇದೆ, ಅಷ್ಟೇ. ಎಷ್ಟು ಗಂಟೆವರೆಗೆ ತೆರೆದಿರುತ್ತದೆ, ಅಪಘಾತದ ಕೇಸ್ ತೆಗೆದುಕೊಳ್ಳುತ್ತಾರಾ, ಇದೆಲ್ಲ ಅದರಲ್ಲಿ ಇಲ್ಲ.

ಇದಕ್ಕೆ ಕಾರಣವೂ ಇದೆ. 1968ರ ವಿಯೆನ್ನಾ ರಸ್ತೆ ಸಂಕೇತ ಒಪ್ಪಂದದಲ್ಲಿ ಆಸ್ಪತ್ರೆ ಫಲಕ ಇಡುವುದು ಯಾಕೆ ಗೊತ್ತಾ? ‘ಹತ್ತಿರ ಆಸ್ಪತ್ರೆ ಇದೆ, ಜೋಪಾನವಾಗಿ ಹೋಗಿ, ಅನಾವಶ್ಯಕ ಸದ್ದು ಮಾಡಬೇಡಿ’ ಅಂತ ಚಾಲಕರಿಗೆ ತಿಳಿಸುವುದಕ್ಕೆ. ಒಳಗೆ ಮಲಗಿರುವ ರೋಗಿಯ ನೆಮ್ಮದಿಗೆ ಹಾಕಿದ ಫಲಕವನ್ನು ನಾವು ಹೊರಗಿನಿಂದ ಬರುವ ರೋಗಿಗೆ ದಾರಿ ತೋರಿಸಲು ಬಳಸುತ್ತಿದ್ದೇವೆ.

2ನೇ ಅಡ್ಡರಸ್ತೆ ನಿವಾಸಿ:
ಸರ್, ಬೇರೆ ದೇಶಗಳಲ್ಲಿ ಹೇಗೆ? ನನ್ನ ಮಗಳು ಇರುವ ಕಡೆ ಎಚ್ ಅಕ್ಷರದ ಬೋರ್ಡ್ ಅಂತೆ.

ನಿವೃತ್ತ ರಸ್ತೆ ಎಂಜಿನಿಯರ್:
ಮೇಡಂ, ಎಚ್ ಅಂದರೂ ಎಲ್ಲ ಕಡೆ ಒಂದೇ ಅರ್ಥ ಅಲ್ಲ. ಬ್ರಿಟನ್‌ನಲ್ಲಿ ಕೆಂಪು ಚೌಕದಲ್ಲಿ ಬಿಳಿ ಎಚ್ ಇದ್ದರೆ ಅಲ್ಲಿ ತುರ್ತು ವಿಭಾಗ ಇದೆ. ನೀಲಿ ಚೌಕದಲ್ಲಿ ಇದ್ದರೆ ಆಸ್ಪತ್ರೆ ಇದೆ, ತುರ್ತು ವಿಭಾಗ ಇಲ್ಲ. ಅಮೆರಿಕದಲ್ಲಿ ಅದೇ ನೀಲಿ ಎಚ್ ಹಗಲು ರಾತ್ರಿ ತುರ್ತು ಚಿಕಿತ್ಸೆ ಕೊಡಬಲ್ಲ ಆಸ್ಪತ್ರೆಯ ಗುರುತು. ಒಂದು ದೇಶದ ಅಭ್ಯಾಸದಲ್ಲಿ ಇನ್ನೊಂದು ದೇಶದಲ್ಲಿ ಗಾಡಿ ಓಡಿಸಿದರೆ ಕಷ್ಟ, ಅಲ್ವಾ? ನಾನು ಕೇಳಿದರೆ ಬ್ರಿಟನ್‌ನವರದ್ದೇ ಒಳ್ಳೆಯ ಪದ್ಧತಿ. ಬಣ್ಣ ನೋಡಿದರೆ ಸಾಕು, ಅಕ್ಷರ ಓದುವುದೇ ಬೇಡ.

1ನೇ ಅಡ್ಡರಸ್ತೆ, ಹೊಸಬರು:
ಮಂಚ ಇಲ್ಲದೆ ಬರೀ ಕೆಂಪು ಕ್ರಾಸ್ ಇರುವ ನೀಲಿ ಬೋರ್ಡ್ ಕೂಡ ನೋಡಿದ್ದೇನೆ. ಅದೂ ಆಸ್ಪತ್ರೆನಾ?

ನಿವೃತ್ತ ರಸ್ತೆ ಎಂಜಿನಿಯರ್:
ಅಲ್ಲ, ಅದು ಪ್ರಥಮ ಚಿಕಿತ್ಸೆಯ ಗುರುತು. ಬ್ಯಾಂಡೇಜ್ ಸಿಗಬಹುದು, ಆಪರೇಷನ್ ಥಿಯೇಟರ್ ಇರುತ್ತದೆ ಅಂತ ಎಣಿಸಬೇಡಿ. ಇನ್ನು ಖಾಸಗಿ ಕ್ಲಿನಿಕ್, ಔಷಧಿ ಅಂಗಡಿಗಳು ತಾವೇ ಬಳಿದುಕೊಂಡ ಕೆಂಪು ಕ್ರಾಸ್ ಬೇರೆ ವಿಷಯ. ಅದು ಯುದ್ಧದಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುವವರ ರಕ್ಷಣೆಗೆ ಇರುವ ಲಾಂಛನ. ಅನುಮತಿ ಇಲ್ಲದೆ ಬಳಸಬಾರದು ಅಂತ ನಮ್ಮ ದೇಶದ ಜಿನೀವಾ ಒಪ್ಪಂದಗಳ ಕಾಯ್ದೆ 1960 ಹೇಳುತ್ತದೆ. ಪಾಲಿಸುವವರು ಕಡಿಮೆ.

ಬಿ ಬ್ಲಾಕ್ ನಿವಾಸಿ:
ಈ ಕಾಲದಲ್ಲಿ ಬೋರ್ಡ್ ಯಾರು ನೋಡುತ್ತಾರೆ? ಮ್ಯಾಪ್ ಇದೆಯಲ್ಲ.

ನಮ್ಮ ಬಡಾವಣೆಯ ನರ್ಸ್:
ನೋಡುತ್ತಾರೆ ಸರ್. ಗಾಡಿಯಲ್ಲಿ ಒಬ್ಬರೇ ಇದ್ದು, ಪಕ್ಕದಲ್ಲಿ ಅಪ್ಪ ಎದೆ ಹಿಡಿದುಕೊಂಡು ಕೂತಿದ್ದರೆ ಫೋನ್ ಒತ್ತುತ್ತಾ ಕೂರಲು ಆಗುತ್ತಾ? ಮ್ಯಾಪ್‌ನಲ್ಲಿ ‘ಆಸ್ಪತ್ರೆ’ ಅಂತ ಹುಡುಕಿದರೆ ಹಲ್ಲಿನದು, ಕಣ್ಣಿನದು, ಚರ್ಮದ್ದು ಎಲ್ಲಾ ಬರುತ್ತದೆ. ‘24 ಗಂಟೆ’ ಅಂತ ತೋರಿಸಿದರೂ ಒಮ್ಮೊಮ್ಮೆ ಔಷಧಿ ಕೌಂಟರ್ ಮಾತ್ರ ತೆರೆದಿರುತ್ತದೆ.

ಒಂದು ಮಾತು ಹೇಳಲೇಬೇಕು. ಹತ್ತಿರದ ಆಸ್ಪತ್ರೆಯೇ ಯಾವಾಗಲೂ ಸರಿಯಾದ ಆಸ್ಪತ್ರೆ ಅಲ್ಲ. ಪಾರ್ಶ್ವವಾಯು ಅಂದುಕೊಳ್ಳಿ. ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಮಾಡಿ ಮೆದುಳಿನಲ್ಲಿ ರಕ್ತಸ್ರಾವ ಇಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ಸ್ಕ್ಯಾನ್ ಇಲ್ಲದ ಕಡೆ ಹೋಗಿ, ಅಲ್ಲಿಂದ ಇನ್ನೊಂದು ಕಡೆ ಹೋದರೆ ಆ ಸಮಯ ಹಾಗೇ ಕರಗಿ ಹೋಗುತ್ತದೆ. ಅದಕ್ಕೇ ಮೊದಲು 108 ಅಥವಾ 112ಕ್ಕೆ ಕರೆ ಮಾಡಿ. ಬೋರ್ಡ್ ಅದಾದ ಮೇಲೆ.

ಸಿ ಬ್ಲಾಕ್ ನಿವಾಸಿ:
ನನ್ನದು ಸ್ವಲ್ಪ ವಿರುದ್ಧ ಅಭಿಪ್ರಾಯ, ಬೈಯಬೇಡಿ. ಇನ್ನೂ ಬೋರ್ಡ್ ಹಾಕಿಸಿದರೆ ಒಳಗೆ ಗಾಡಿಗಳು ಜಾಸ್ತಿ ಆಗಲ್ವಾ? ಈಗಲೇ ಹಾರ್ನ್ ಸದ್ದು ತಡೆಯಲು ಆಗುತ್ತಿಲ್ಲ.

ಸಂಘದ ಕಾರ್ಯದರ್ಶಿ:
ಬೈಯುವುದು ಯಾಕೆ ಸರ್. ಬೋರ್ಡ್ ಸರಿಯಾದರೆ ರಾತ್ರಿ ಗಾಡಿಗಳು ನೇರ ಮುಂದೆ ಹೋಗುತ್ತವೆ, ನಮ್ಮ ಕಡೆ ತಿರುಗುವುದೇ ಇಲ್ಲ. ಹಾರ್ನ್ ವಿಷಯಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳು ಇವೆ. ಆಸ್ಪತ್ರೆಯ ಸುತ್ತ ಕನಿಷ್ಠ 100 ಮೀಟರ್ ನಿಶ್ಶಬ್ದ ವಲಯ ಅಂತ ಗುರುತಿಸಬಹುದು. ಹಾರ್ನ್ ನಿಷೇಧದ ದುಂಡಗಿನ ಫಲಕವನ್ನೂ ಇದೇ ಅರ್ಜಿಯಲ್ಲಿ ಕೇಳೋಣ.

4ನೇ ಅಡ್ಡರಸ್ತೆ, ಮೂಲೆ ಮನೆ:
ಸರಿ, ಫ್ಲೆಕ್ಸ್ ಬೇಡ. ಆದರೆ ಅರ್ಜಿಯಲ್ಲಿ ‘ಬೋರ್ಡ್ ಸರಿಪಡಿಸಿ’ ಅಂತ ಮಾತ್ರ ಬರೆದರೆ ಬಣ್ಣ ಬಳಿದು ಹೋಗುತ್ತಾರೆ. ಏನೇನು ಬೇಕು ಅಂತ ಬಿಡಿಸಿ ಬರೆಯಿರಿ.

ನಿವೃತ್ತ ರಸ್ತೆ ಎಂಜಿನಿಯರ್:
ಬರೆದುಕೊಳ್ಳಿ. ಮುಖ್ಯರಸ್ತೆಯಲ್ಲಿ ನೇರ ಬಾಣದ ಜೊತೆ ‘24 ಗಂಟೆ ತುರ್ತು ಚಿಕಿತ್ಸೆ’ ಅಂತ, ದೂರದ ಸಮೇತ. ಇದು ತಿರುವಿಗಿಂತ ಮೊದಲೇ ಇರಬೇಕು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಹೋಗುತ್ತದೆ. ಓದಿ ಅರ್ಥ ಮಾಡಿಕೊಳ್ಳಲು ಮೂರು ಸೆಕೆಂಡ್ ಅಂದರೂ 40 ಮೀಟರ್ ದಾಟಿರುತ್ತದೆ. ಆಮೇಲೆ ಬ್ರೇಕ್ ಹಾಕಬೇಕು, ಲೇನ್ ಬದಲಿಸಬೇಕು. ತಿರುವಿನಲ್ಲೇ ನಿಲ್ಲಿಸಿದ ಬೋರ್ಡ್ ಗೊತ್ತಿರುವವರಿಗೆ ಮಾತ್ರ ಉಪಯೋಗ.

ನಮ್ಮ ಕಡೆ ತಿರುಗಿಸುವ ಬೋರ್ಡ್‌ಗೆ ‘ಹಗಲು ಮಾತ್ರ’ ಅಂತ ಕೆಳಗೆ ಸಣ್ಣ ಫಲಕ. ಎರಡನೇ ತಿರುವಿನಲ್ಲಿ ಮತ್ತೊಂದು ಬಾಣ. ಒಮ್ಮೆ ದಾರಿ ತೋರಿಸಲು ಶುರು ಮಾಡಿದರೆ ಗೇಟ್‌ವರೆಗೂ ಪ್ರತಿ ತಿರುವಿನಲ್ಲಿ ತೋರಿಸಬೇಕು, ಮಧ್ಯೆ ಕೈಬಿಡಬಾರದು. ಫಲಕದ ಅಳತೆ, ಎತ್ತರ, ಮೇಲೆ ಅಂಟಿಸುವ ಹೊಳೆಯುವ ಹಾಳೆಯ ಗುಣಮಟ್ಟಕ್ಕೆ ‘ಐಆರ್‌ಸಿ 67 ಪ್ರಕಾರ’ ಅಂತ ಒಂದು ಸಾಲು ಸೇರಿಸಿ. ಅದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ರಸ್ತೆ ಫಲಕಗಳ ಸಂಹಿತೆ. ಆ ಸಾಲು ಇದ್ದರೆ ಕಚೇರಿಯಲ್ಲಿ ಅರ್ಜಿಗೆ ಸ್ವಲ್ಪ ತೂಕ ಬರುತ್ತದೆ, ಅನುಭವದ ಮಾತು.

ನಮ್ಮ ಬಡಾವಣೆಯ ನರ್ಸ್:
ಮುಂದಿನ ಆಸ್ಪತ್ರೆಯವರಿಂದ ‘ತುರ್ತು ವಿಭಾಗ ದಿನವಿಡೀ ಇದೆ’ ಅಂತ ಲಿಖಿತವಾಗಿ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಇನ್ನೊಂದು ಹುಸಿ ಬೋರ್ಡ್ ಹಾಕಿಸಿದ ಹಾಗೆ. ನಾನು ಕೇಳುತ್ತೇನೆ.

ಸಂಘದ ಕಾರ್ಯದರ್ಶಿ:
ತುಂಬಾ ಉಪಕಾರ ಮೇಡಂ. ಮುಖ್ಯರಸ್ತೆ ಯಾವ ಇಲಾಖೆಯದ್ದು ಅಂತ ಮೊದಲು ಗೊತ್ತು ಮಾಡಿಕೊಳ್ಳುತ್ತೇನೆ. ಒಳರಸ್ತೆ ಬೇರೆಯವರದ್ದು ಆಗಿದ್ದರೆ ಎರಡು ಅರ್ಜಿ ಬೇಕು, ಟ್ರಾಫಿಕ್ ಪೊಲೀಸರಿಗೆ ಒಂದೊಂದು ಪ್ರತಿ. ಭಾನುವಾರ ಬೆಳಿಗ್ಗೆ ಪಾರ್ಕ್‌ನಲ್ಲಿ ಸಹಿ ಸಂಗ್ರಹ. ಸಿ ಬ್ಲಾಕ್ ಸರ್, ನೀವೂ ಬರಬೇಕು.

ಸಿ ಬ್ಲಾಕ್ ನಿವಾಸಿ:
ಹಾರ್ನ್ ಫಲಕ ಸೇರಿಸಿದರೆ ಬರುತ್ತೇನೆ.

2ನೇ ಅಡ್ಡರಸ್ತೆ ನಿವಾಸಿ:
ಫೋಟೊ ನಾನು ತೆಗೆಯುತ್ತೇನೆ. ಹಗಲಲ್ಲಿ ತೆಗೆದರೆ ಬೋರ್ಡ್ ಚೆನ್ನಾಗಿದೆ ಅಂತಲೇ ಕಾಣುತ್ತದೆ. ರಾತ್ರಿ ಹೆಡ್‌ಲೈಟ್ ಬೆಳಕಲ್ಲಿ ತೆಗೆದರೆ ಅದು ಹೊಳೆಯುವುದೇ ಇಲ್ಲ ಅನ್ನುವುದು ಗೊತ್ತಾಗುತ್ತದೆ. ಅಡ್ಡ ಬಂದಿರುವ ಮರದ ಕೊಂಬೆಯೂ ಸಿಗಲಿ. ಯಾರಾದರೂ ಕಾರ್ ತರುತ್ತೀರಾ? ನನ್ನದು ಸ್ಕೂಟರ್, ಬೆಳಕು ಅಷ್ಟು ಎತ್ತರಕ್ಕೆ ಹೋಗಲ್ಲ.

ಬಿ ಬ್ಲಾಕ್ ನಿವಾಸಿ:
ನಾನು ತರುತ್ತೇನೆ ಮೇಡಂ. ನಾಳೆ ಊಟ ಆದ ಮೇಲೆ ಗೇಟ್ ಹತ್ತಿರ ಬನ್ನಿ.