ಅಪ್‌ಡೇಟ್: ಬಿಳಿ ಪಂಚೆ ನೀಲಿಯಾಗಿ ಕಂಡ ವಿಷಯ

ಬಲಗಣ್ಣಿನ ಪೊರೆ ತೆಗೆಸಿದ ಮೇಲೆ ಬಿಳಿ ಪಂಚೆ ನೀಲಿಯಾಗಿ ಕಾಣುತ್ತಿದೆ, ಏನಾದರೂ ಎಡವಟ್ಟಾಗಿದೆಯೇ ಎಂದು ಹೋದ ತಿಂಗಳು ಕೇಳಿದ್ದೆ. ವೈದ್ಯರಿಗೆ ತೋರಿಸಿ ಬಂದೆ, ಎಡವಟ್ಟೇನೂ ಇಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿ ಬೆಳಕನ್ನು ತಡೆಯುತ್ತದೆ. ಹೊಸ ಕೃತಕ ಮಸೂರ ಅದನ್ನು ಒಳಗೆ ಬಿಡುತ್ತಿದೆ, ಅಷ್ಟೇ. ಮನೆಗೆ ಬಂದು ಒಂದೊಂದೇ ಕಣ್ಣು ಮುಚ್ಚಿ ನೋಡಿದೆ. ಎಡಗಣ್ಣಿಗೆ ಅದೇ ಪಂಚೆ ಚಹಾದಲ್ಲಿ ಅದ್ದಿ ತೆಗೆದಂತಿತ್ತು! ಇಷ್ಟು ವರ್ಷ ಸುಮ್ಮನೆ ಸಾಬೂನನ್ನು ದೂರುತ್ತಿದ್ದೆ.

1949ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಮೊದಲ ಬಾರಿಗೆ ಇಂಥ ಮಸೂರ ಕೂರಿಸಿದಾಗ ಸಹವೈದ್ಯರೇ ವಿರೋಧಿಸಿದ್ದರು. ನನಗೆ 15 ನಿಮಿಷದಲ್ಲಿ ಮುಗಿಯಿತು.

ಎಡಗಣ್ಣಿನದು ಮುಂದಿನ ತಿಂಗಳು. ಅಲ್ಲಿಯವರೆಗೆ ಗೋಡೆಗೆ ಬಣ್ಣ ಆರಿಸುವ ಕೆಲಸವನ್ನು ನನಗೆ ಹಚ್ಚಬೇಡವೆಂದು ಮಗಳಿಗೆ ಹೇಳಿದ್ದೇನೆ.