ಪದಚರ್ಚೆ: ಕ್ರೈಸ್ತ ಶಾಲೆಗಳ ಶಿಕ್ಷಕರ ‘ಪ್ರೊಫೆಷನಲ್ ಡೆವಲಪ್‌ಮೆಂಟ್’ಗೆ ಕನ್ನಡದಲ್ಲಿ ಏನೆನ್ನಬೇಕು? ನಾಳೆಯೊಳಗೆ ಬೇಕು

ಉಡುಪಿಯಿಂದ, ಪ್ರಶ್ನೆ

ಬಳಗಕ್ಕೆ ನಮಸ್ಕಾರ. ನಮ್ಮ ಭಾಗದ ಕ್ರೈಸ್ತ ಆಡಳಿತದ ಅನುದಾನಿತ ಕನ್ನಡ ಶಾಲೆಗಳ ಶಿಕ್ಷಕರಿಗೆ, ಶಾಲೆ ತೆರೆಯುವ ಮುನ್ನ ಮೂರು ದಿನಗಳ ಕಾರ್ಯಕ್ರಮವಿದೆ. ಗಣಿತ ಬೋಧನೆ, ಕಲಿಕೆಯಲ್ಲಿ ಹಿಂದುಳಿದ ಮಕ್ಕಳು, 2012ರ ಪೋಕ್ಸೊ ಕಾಯ್ದೆ, ದಿನವೂ ಬೆಳಿಗ್ಗೆ ಅರ್ಧ ಗಂಟೆ ಪ್ರಾರ್ಥನೆ. ಬ್ಯಾನರಿಗೂ ಪ್ರಮಾಣಪತ್ರಕ್ಕೂ ಹೆಸರು ಬೇಕು. ಮುದ್ರಕರು ತಾವೇ ‘ಕ್ರೈಸ್ತ ಶಿಕ್ಷಕರ ವೃತ್ತಿಪರ ಅಭಿವೃದ್ಧಿ’ ಎಂದು ಜೋಡಿಸಿ ಕಳುಹಿಸಿದ್ದಾರೆ. ಓದಿದರೆ ಸಾಲ ಕೊಡುವ ಯೋಜನೆಯಂತೆ ಕೇಳಿಸುತ್ತದೆ. ನಾಳೆ ಮಧ್ಯಾಹ್ನದೊಳಗೆ ತಿದ್ದಿ ಕೊಡಬೇಕು.

ಬೆಂಗಳೂರಿನಿಂದ

‘ವೃತ್ತಿಪರ ಅಭಿವೃದ್ಧಿ’ ತಪ್ಪು. ವೃತ್ತಿಪರ ಛಾಯಾಗ್ರಾಹಕ ಇರಬಹುದು, ವೃತ್ತಿಪರ ಅಭಿವೃದ್ಧಿ ಹೇಗಿರುತ್ತದೆ? ‘ಸೇವಾನಿರತ ಶಿಕ್ಷಕರ ತರಬೇತಿ’ ಎಂದು ಹಾಕಿ. ಶಿಕ್ಷಣ ಇಲಾಖೆಯಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿರುವ ಪದ. ಇದರಲ್ಲಿ ಚರ್ಚಿಸುವುದೇನೂ ಇಲ್ಲ.

ಶಿವಮೊಗ್ಗದಿಂದ

ಇದೆ. ‘ಸೇವಾನಿರತ’ ಸಂಸ್ಕೃತ, ‘ತರಬೇತಿ’ ಅರಬ್ಬಿಯ ತರ್ಬಿಯತ್. ಕನ್ನಡ ಎಲ್ಲಿದೆ? ನಮ್ಮಲ್ಲಿ ‘ಕಮ್ಮಟ’ ಎಂಬ ಗಟ್ಟಿ ಪದವಿದೆ. ಕಮ್ಮಟವೆಂದರೆ ನಾಣ್ಯ ಟಂಕಿಸುವ ಸಾಲೆ. ಮಲಯಾಳದಲ್ಲಿ ‘ಕಮ್ಮಟ್ಟಂ’ ಇಂದಿಗೂ ಅದೇ ಅರ್ಥದಲ್ಲಿದೆ. ಇದನ್ನು ‘ಕರ್ಮಠ’ದಿಂದ ಎಳೆದು ತರುವವರಿದ್ದಾರೆ, ದ್ರಾವಿಡ ನುಡಿಗಳಲ್ಲಿ ಇಷ್ಟು ಹರಡಿರುವ ಪದಕ್ಕೆ ಸಂಸ್ಕೃತದ ತಂದೆಯನ್ನು ಹುಡುಕುವ ಈ ಚಾಳಿ ನಿಲ್ಲಬೇಕು. ಕಾವ್ಯ ಕಮ್ಮಟ, ರಂಗ ಕಮ್ಮಟ ಎಂದು ಬಳಸಿ ಇದನ್ನು ಮತ್ತೆ ಜೀವಂತಗೊಳಿಸಿದವರು ನಮ್ಮ ಸಾಹಿತಿಗಳೇ. ‘ಅಭಿವೃದ್ಧಿ’ಯ ಬದಲು ‘ಏಳಿಗೆ’, ‘ವೃತ್ತಿ’ಯ ಬದಲು ‘ಕಸುಬು’, ‘ಶಿಕ್ಷಕ’ನ ಬದಲು ‘ಕಲಿಸುಗ’. ಬ್ಯಾನರಿನ ಮೇಲೆ ‘ಕಲಿಸುಗರ ಕಸುಬೇಳಿಗೆ ಕಮ್ಮಟ’ ಎಂದು ಬರಲಿ.

ಧಾರವಾಡದಿಂದ

‘ಕಸುಬು’ ಅರಬ್ಬಿಯ ‘ಕಸ್ಬ್’. ಗಳಿಕೆ ಎಂದು ಅರ್ಥ. ತರಬೇತಿಯನ್ನು ಅರಬ್ಬಿ ಎಂದು ಹೊರಗಟ್ಟಿ ಕಸುಬನ್ನು ಒಳಗೆ ಕರೆಯುವುದು ಯಾವ ನ್ಯಾಯ? ಇನ್ನು ಟಂಕಸಾಲೆಯಲ್ಲಿ ಎಲ್ಲ ನಾಣ್ಯಕ್ಕೂ ಒಂದೇ ಮುದ್ರೆ ಬೀಳುತ್ತದೆ. ಶಿಕ್ಷಕರ ಮೇಲೆ ಮುದ್ರೆ ಒತ್ತುವ ಕಾರ್ಯಕ್ರಮವೇ ಇದು?

ಮಂಗಳೂರಿನಿಂದ

ಇದುವರೆಗೆ ಬರೆದವರು ಪದಗಳ ಹುಟ್ಟೂರು ಹುಡುಕಿದ್ದಾರೆ. ಆ ಬ್ಯಾನರಿನ ಕೆಳಗೆ ಕೂರುವವರ ಕಿವಿಗೆ ಅವು ಹೇಗೆ ಬೀಳುತ್ತವೆ ಎಂದು ಯಾರೂ ಕೇಳಿಲ್ಲ. ಕ್ರೈಸ್ತ ಕನ್ನಡಕ್ಕೆ ತನ್ನದೇ ಪದಸಂಪತ್ತಿದೆ. ಇಲಾಖೆಯ ಕಡತದಲ್ಲಿ ‘ಸೇವೆ’ ಎಂದರೆ ನೌಕರಿ: ಸೇವಾ ಪುಸ್ತಕ, ಸೇವಾ ಜ್ಯೇಷ್ಠತೆ. ಚರ್ಚಿನಲ್ಲಿ ಅದು ದೇವರ ಸೇವೆ. ‘ಸೇವಾನಿರತರ ತರಬೇತಿ’ ಎಂದು ಅಲ್ಲಿ ಬರೆದರೆ ಉಪದೇಶಿಗಳ ಶಿಬಿರವೆಂದು ಓದಿಕೊಳ್ಳುವವರಿದ್ದಾರೆ. ‘ಗುರು’ ಶಬ್ದವನ್ನಂತೂ ಮುಟ್ಟಲೇಬೇಡಿ. ರಾಜ್ಯದ ‘ಗುರುಚೇತನ’ ತರಬೇತಿ ಸರ್ಕಾರಿ ಶಾಲೆಯಲ್ಲಿ ಸರಿಯಾಗಿಯೇ ಅರ್ಥವಾಗುತ್ತದೆ. ಕಥೋಲಿಕರಲ್ಲಿ ಗುರು ಎಂದರೆ ಪಾದ್ರಿ, ಗುರುಮಠ ಎಂದರೆ ಪಾದ್ರಿಗಳು ತಯಾರಾಗುವ ಸಂಸ್ಥೆ, ಗುರುದೀಕ್ಷೆ ಎಂದರೆ ಪಾದ್ರಿಯಾಗಿ ಅಭಿಷೇಕ.

‘ದೀಕ್ಷಾ’ ಇನ್ನೂ ಸೂಕ್ಷ್ಮ. 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಶಿಕ್ಷಕರ ಜಾಲತಾಣದ ಹೆಸರು ಅದು. ‘ದೀಕ್ಷಾ ಮುಗಿಸಿದ ಶಿಕ್ಷಕರು’ ಎಂದು ಪ್ರಮಾಣಪತ್ರದಲ್ಲಿ ಯಾರಾದರೂ ಬರೆದರೆ, ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಎಂಬ ಪದ ಬಲ್ಲ ಊರಿನಲ್ಲಿ ಅದನ್ನು ಹೇಗೆ ಓದುತ್ತಾರೆಂದು ಯೋಚಿಸಿ.

ಮುದ್ರಕರ ಸಾಲಿನ ದೊಡ್ಡ ತಪ್ಪನ್ನಂತೂ ಬಳಗದಲ್ಲಿ ಯಾರೂ ಎತ್ತಲೇ ಇಲ್ಲ. ‘ಕ್ರೈಸ್ತ ಶಿಕ್ಷಕರು’ ಬೇರೆ, ‘ಕ್ರೈಸ್ತ ಶಾಲೆಗಳ ಶಿಕ್ಷಕರು’ ಬೇರೆ. ಈ ಶಾಲೆಗಳಲ್ಲಿ ಪಾಠ ಮಾಡುವವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಜೈನರಿದ್ದಾರೆ. ವಿಶೇಷಣ ಒಂದು ಪದದಷ್ಟು ಅತ್ತಿತ್ತ ಸರಿದರೆ ಅವರೆಲ್ಲ ತಮ್ಮದೇ ಕಾರ್ಯಕ್ರಮದಿಂದ ಹೊರಗಾಗುತ್ತಾರೆ. ಏಳಿಗೆ, ಅಭಿವೃದ್ಧಿಗಳ ಜಗಳಕ್ಕಿಂತ ಇದು ಮುಖ್ಯ.

ತರಬೇತಿ ಸಾಲದು ಎನ್ನಲು ನನ್ನ ಕಾರಣ ಬೇರೆ. ತರಬೇತಿ ಇನ್ನೊಬ್ಬರು ಕೊಡುವುದು, ಬೆಳವಣಿಗೆ ನಮ್ಮಲ್ಲಿ ಆಗುವುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಂದ ವರ್ಷಕ್ಕೆ ಕನಿಷ್ಠ 50 ಗಂಟೆಗಳ ಇಂಥ ಬೆಳವಣಿಗೆಯನ್ನು ನಿರೀಕ್ಷಿಸುತ್ತದೆ, ಅದೂ ಅವರವರ ಆಸಕ್ತಿಗೆ ತಕ್ಕಂತೆ. ಮೂರನೆಯ ತರಗತಿಯ ಹುಡುಗಿ 42ರಲ್ಲಿ 17 ಕಳೆದು 35 ಎಂದು ಬರೆಯುತ್ತಾಳೆ. ನಾಲ್ಕರಲ್ಲಿ ಒಂದು ಕಳೆದಳು, ಏಳರಲ್ಲಿ ಎರಡು ಕಳೆದಳು. ಯಾವ ಸ್ಥಾನದಲ್ಲೂ ದೊಡ್ಡದರಿಂದಲೇ ಚಿಕ್ಕದನ್ನು ತೆಗೆಯಬೇಕೆಂಬ ನಿಯಮವನ್ನು ತಾನೇ ಕಟ್ಟಿಕೊಂಡಿದ್ದಾಳೆ. ಕೆಂಪು ಗೀಟು ಎಳೆದು ಮುಂದೆ ಹೋಗುತ್ತಿದ್ದ ಶಿಕ್ಷಕಿ, ಸಹೋದ್ಯೋಗಿಯ ಜೊತೆ ಕೂತು ಆ ನಿಯಮವನ್ನು ಪತ್ತೆ ಹಚ್ಚಿ, ಮರುದಿನ ಹತ್ತು ಕಡ್ಡಿಗಳ ಕಟ್ಟನ್ನು ಅವಳ ಕೈಯಿಂದಲೇ ಬಿಚ್ಚಿಸಿದರೆ, ಅದು ಬೆಳವಣಿಗೆ. ಅದನ್ನು ತರಬೇತಿ ಎನ್ನುವುದು ಹೇಗೆ?

‘ವೃತ್ತಿ’ಯನ್ನು ಬಿಡಬೇಡಿ. ಸಭಾಂಗಣದಲ್ಲಿ ಧರ್ಮಭಗಿನಿಯರೂ ಇರುತ್ತಾರೆ, ಸಂಬಳಕ್ಕೆ ದುಡಿಯುವ ಗೃಹಸ್ಥರೂ ಇರುತ್ತಾರೆ. ಭಗಿನಿಯರ ಬದುಕಿಗೆ ‘ದೈವಕರೆ’ ಎಂಬ ಪದವಿದೆ, ಅದು ಎಲ್ಲರಿಗೂ ಅನ್ವಯಿಸದು. ತರಗತಿಯ ಕೆಲಸ ಮಾತ್ರ ಇಬ್ಬರದೂ. ನನ್ನ ಸಲಹೆ: ‘ಕ್ರೈಸ್ತ ಶಾಲೆಗಳ ಶಿಕ್ಷಕರ ವೃತ್ತಿ ಬೆಳವಣಿಗೆ ಶಿಬಿರ’.

ಶಿವಮೊಗ್ಗದಿಂದ

‘ಕಸುಬು’ ಹಳ್ಳಿಯವರ ಬಾಯಲ್ಲಿ ಪಳಗಿದೆ. ಪಳಗಿದ್ದು ಕನ್ನಡವೇ. ‘ವೃತ್ತಿ’ ಪುಸ್ತಕದಿಂದ ಇಳಿದು ಬಂದದ್ದು. ಸಂಸ್ಕೃತದ ಸಮಾಸಗಳನ್ನು ಹೇರಿ ಹೇರಿ ಸಾಮಾನ್ಯ ಓದುಗನಿಗೆ ಫಲಕ ಓದಲಾಗದಂತೆ ಮಾಡಿದ್ದೇವೆ. ಈ ಮಾತನ್ನು ನಾನು ಬಿಡುವುದಿಲ್ಲ.

ಧಾರವಾಡದಿಂದ

ಹಾಗಾದರೆ ‘ತರಬೇತಿ’ ಪಳಗಿಲ್ಲವೇ? ಚಾಲಕ ತರಬೇತಿ, ಹೊಲಿಗೆ ತರಬೇತಿ ಎನ್ನದ ಹಳ್ಳಿ ಎಲ್ಲಿದೆ?

ಮಂಗಳೂರಿನಿಂದ

‘ಕ್ರೈಸ್ತ’ ಪದವನ್ನೇ ನೋಡಿ. ‘ಅಭಿಷಿಕ್ತ’ ಎಂಬ ಅರ್ಥದ ಗ್ರೀಕ್ ಮೂಲಕ್ಕೆ, ಶಿವನಿಂದ ಶೈವ ಆದಂತೆ ಸಂಸ್ಕೃತದ ವೃದ್ಧಿ, ಅಂದರೆ ಮೊದಲ ಸ್ವರ ಹಿಗ್ಗುವ ಕ್ರಮ, ಸೇರಿದೆ. ಮೇಲೆ ಕನ್ನಡದ ವಿಭಕ್ತಿ ಹತ್ತುತ್ತದೆ. ಇದನ್ನು ಯಾವ ಗಡಿಯಲ್ಲಿ ತಡೆದು ನಿಲ್ಲಿಸುತ್ತೀರಿ? ಚರ್ಚಿಗೆ ನಾವು ಹೇಳುವ ‘ಇಗರ್ಜಿ’ ಪೋರ್ಚುಗೀಸ್. ಗಾರೆ ಕೆಲಸದ ‘ಮೇಸ್ತ್ರಿ’ ಪೋರ್ಚುಗೀಸಿನಿಂದ ಬಂದ, ಶಾಲೆಯ ‘ಮೇಷ್ಟ್ರು’ ಇಂಗ್ಲಿಷಿನಿಂದ ಬಂದರು, ಇಬ್ಬರ ಬೇರೂ ಲ್ಯಾಟಿನ್. ಕಿಟೆಲ್ ನಿಘಂಟು 1894ರಲ್ಲಿ ನಮ್ಮೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಹೊರಗಿನಿಂದ ಬಂದ ಪದಗಳಿಗೆ ಅವರು ಗುರುತು ಹಾಕಿದರು, ಆದರೆ ಜಾಗ ಕೊಟ್ಟರು.

ಶಿವಮೊಗ್ಗದಿಂದ

ಜಾಗ ಕೊಡುವುದು ಬೇರೆ, ಮನೆಯನ್ನೇ ಬರೆದುಕೊಡುವುದು ಬೇರೆ. ‘ಬೆಳವಣಿಗೆ’ಗೆ ನನ್ನ ಒಪ್ಪಿಗೆ ಇದೆ. ‘ವೃತ್ತಿ’ಗೆ ಇಲ್ಲ.

ಉಡುಪಿಯಿಂದ

ಎಲ್ಲರಿಗೂ ವಂದನೆ. ‘ಕ್ರೈಸ್ತ ಶಾಲೆಗಳ ಶಿಕ್ಷಕರ ವೃತ್ತಿ ಬೆಳವಣಿಗೆ ಶಿಬಿರ’ ಎಂದು ಮುದ್ರಣಕ್ಕೆ ಹೋಗಿದೆ. ಪ್ರಮಾಣಪತ್ರದ ಒಂದು ಸಾಲು ಉಳಿದಿದೆ: ‘18 ಗಂಟೆಗಳ ಶಿಬಿರದಲ್ಲಿ ಭಾಗವಹಿಸಿರುತ್ತಾರೆ’ ಎಂದಿದೆ. ‘ಭಾಗವಹಿಸಿದ್ದಾರೆ’ ಎಂದು ತಿದ್ದಲೇ?

ಬೆಂಗಳೂರಿನಿಂದ

ತಿದ್ದಿ. ‘ಇರುತ್ತಾರೆ’ ಕಚೇರಿಯ ಚಟ. ‘ಪಾಲ್ಗೊಂಡಿದ್ದಾರೆ’ ಎಂದರೆ ಇನ್ನೂ ಒಳ್ಳೆಯದು.